ಮಗ್ಗದ ಮನೆಯ ರಾಣಿ ಇರುವೆ

ಪೊಳ್ಳಾಚಿ ಬಳಿಯ ನೆಗಮಂನ ನೇಕಾರರ ಬೀದಿಗೆ ಸೊಸೆಯಾಗಿ ಬಂದ ಗೋಕಿಲಾ, ಆ ಬೀದಿಯಲ್ಲಿ ಕಾಲೇಜು ಮುಗಿಸಿದ ಮೊದಲ ಹೆಂಗಸು. ತಂದೆ ಕಾಂಗೇಯಂನ ಎಣ್ಣೆ ಮಿಲ್ಲಿನಲ್ಲಿ ಕೊಬ್ಬರಿ ಒಣಗಿಸುವ ಕೆಲಸದವರು. ಮಗಳನ್ನು ಪ್ರಾಣಿಶಾಸ್ತ್ರದಲ್ಲಿ ಪದವಿಯವರೆಗೆ ಓದಿಸಿದ್ದರು. ಮದುವೆಯಾದ ಮೇಲೆ ಪದವಿಯ ಕಾಗದ ಪೆಟ್ಟಿಗೆ ಸೇರಿತು. ಅವಳು ಗುಂಡಿಮಗ್ಗಕ್ಕೆ ಇಳಿದಳು. ಮಗ್ಗಕ್ಕೆ ಆ ಬೀದಿಯವರು ತರಿ ಅನ್ನುತ್ತಾರೆ. ಗುಂಡಿಯೊಳಗೆ ಕಾಲು ಬಿಟ್ಟು ಕೂತು ತುಳಿಯಬೇಕು, ಲಾಳಿ ಓಡಿಸಬೇಕು, ಪ್ರತಿ ಎಳೆಗೂ ಹಲಗೆ ಎಳೆದು ಬಡಿಯಬೇಕು. ಮನೆಯಲ್ಲಿ ಎರಡು ಮಗ್ಗ, ಒಂದು ಗಂಡ ಶಿವಲಿಂಗಂನದು, ಇನ್ನೊಂದು ಇವಳದು. ಬೆಳಗಿನಿಂದ ಸಂಜೆಯವರೆಗೆ ನೆಲ, ಗೋಡೆ, ನೀರಿನ ಕೊಡ ಎಲ್ಲವೂ ಅದುರುತ್ತಿದ್ದವು.

ಆ ಅದುರುವಿಕೆಗೆ ಉಳಿದವರು ಹುಟ್ಟಿನಿಂದ ಒಗ್ಗಿಹೋಗಿದ್ದರು. ಗೋಕಿಲಾ ಒಗ್ಗಿರಲಿಲ್ಲ. ಎರಡು ವರ್ಷದಲ್ಲಿ ಎರಡು ಸಲ ಅವಳ ಬಸಿರು ಇಳಿದುಹೋಗಿತ್ತು. ಮೊದಲನೆಯದು ಮನೆಗೆಲ್ಲ ಗೊತ್ತಾಯಿತು. ಎರಡನೆಯದು ಗಂಡನಿಗೆ ಮಾತ್ರ ಗೊತ್ತು. ಪೊಳ್ಳಾಚಿಯ ಡಾಕ್ಟರು ಇದು ಯಾರ ತಪ್ಪೂ ಅಲ್ಲ, ಹೀಗಾಗುವುದುಂಟು ಅಂದಿದ್ದರು. ಅತ್ತೆ ಜಾನಮ್ಮ ಮಾತ್ರ ತಾನು ಮಗ್ಗದಿಂದ ಎದ್ದುಹೋಗಿ ಮೂರು ಹೆತ್ತವಳು ಎಂದು ಬೀದಿಯಲ್ಲಿ ಹತ್ತು ಜನರ ಮುಂದೆ ಹೇಳಿಕೊಳ್ಳುವವಳು. ಅಂಥವಳ ಎದುರು ನನಗೆ ಮಗ್ಗವೆಂದರೆ ಭಯ ಎಂದು ಹೇಗೆ ಹೇಳುವುದು?

೨೦೦೬ರಲ್ಲಿ ಮೂರನೆಯ ಸಲ ಬಸಿರು ನಿಂತಿದೆ ಎಂದು ಖಚಿತವಾದ ವಾರವೇ ಮೊದಲ ಮಳೆ ಬಿತ್ತು. ಸಂಜೆ ಟ್ಯೂಬ್‌ಲೈಟಿನ ಕೆಳಗೆ ರೆಕ್ಕೆಯ ಹುಳುಗಳು ಮುತ್ತಿದವು. ಹೊಸಿಲ ಬಳಿ ಒಂದು ದಪ್ಪ ಕಪ್ಪಿರುವೆ ತನ್ನ ರೆಕ್ಕೆಗಳನ್ನು ತಾನೇ ಉದುರಿಸಿಕೊಂಡು ಬಿಲ ಹುಡುಕುತ್ತಾ ಓಡಾಡುತ್ತಿತ್ತು. ರಾಣಿ ಎಂದು ಗೋಕಿಲಾಗೆ ತಕ್ಷಣ ತಿಳಿಯಿತು. ಪುಸ್ತಕದಲ್ಲಿ ಚಿತ್ರ ಬರೆದು ಭಾಗ ಗುರುತಿಸಿದ್ದಳೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಓದಿದ್ದರಲ್ಲಿ ಒಂದನ್ನಾದರೂ ಬೆಳೆಸಿ ನೋಡಬೇಕೆಂಬ ಆಸೆ ಹುಟ್ಟಿತು. ಮಾತ್ರೆಯ ಖಾಲಿ ಗಾಜಿನ ಸೀಸೆಯ ತಳಕ್ಕೆ ನೀರು ಹಾಕಿ ಹತ್ತಿ ಒತ್ತಿದಳು. ರಾಣಿಯನ್ನು ಒಳಗೆ ಬಿಟ್ಟು ಬಾಯಿಗೂ ಹತ್ತಿ ತುರುಕಿ, ನೂಲಿನ ಕಟ್ಟಿನ ಹಿಂದಿನ ಗೂಡಿನಲ್ಲಿ ಕತ್ತಲೆಗೆ ಇಟ್ಟಳು. ಮೊದಲ ಮರಿಗಳು ಬರುವವರೆಗೆ ಅದಕ್ಕೆ ಊಟ ಬೇಡ. ಕತ್ತಲೆ, ನೀರು, ನೆಮ್ಮದಿ ಇದ್ದರೆ ಸಾಕು.

ಜಾನಮ್ಮನ ಕಣ್ಣಿಗೆ ಬಿದ್ದರೆ ಸೀಸೆ ಬೀದಿಗೆ ಹೋಗುವುದು ಖಂಡಿತ. ಗಂಜಿ ಹಾಕಿದ ನೂಲಿಗೆ ಇರುವೆ ಹತ್ತಿದರೆ ಸೀರೆ ಕೆಟ್ಟಂತೆಯೇ. ಮಗ್ಗದ ಸುತ್ತ ದಿನಾ ಸೀಮೆಸುಣ್ಣದ ಗೆರೆ ಎಳೆಯುವವಳು ಅವಳು. ಗೋಕಿಲಾ ಕದ್ದು ಕದ್ದು ನೋಡುತ್ತಿದ್ದಳು. ವಾರ ಕಳೆದರೂ ರಾಣಿ ಮೊಟ್ಟೆ ಇಡಲಿಲ್ಲ.

ಅಮಾವಾಸ್ಯೆಯ ದಿನ ಬೀದಿಯಲ್ಲಿ ಯಾರೂ ನೇಯುವುದಿಲ್ಲ. ಆ ಸಂಜೆ ಸೀಸೆ ತೆಗೆದಾಗ ಸಾಸಿವೆಗಿಂತ ಸಣ್ಣ ಏಳು ಬಿಳಿ ಮೊಟ್ಟೆಗಳಿದ್ದವು. ಮರುದಿನ ಮಗ್ಗ ಶುರುವಾಯಿತು. ಮಧ್ಯಾಹ್ನ ನೋಡಿದರೆ ಮೂರು. ನಾಲ್ಕನೆಯದು ರಾಣಿಯ ಬಾಯಲ್ಲಿತ್ತು. ಅದು ಮೆಲ್ಲಗೆ ತಿನ್ನುತ್ತಿತ್ತು.

ನೆಲ ಅದುರಿದರೆ ರಾಣಿ ಮೊಟ್ಟೆ ತಿನ್ನುವುದುಂಟೆಂದು ಅವಳು ಓದಿದ್ದಳು. ಆದರೂ ನೋಡಲಾಗದೆ ಸೀಸೆಯನ್ನು ನೂಲಿನ ಕಟ್ಟಿನ ಹಿಂದೆ ಸರಿಸಿದಳು. ಇನ್ನೊಂದು ವಾರಕ್ಕೆ ಬೀದಿಯ ಹಿರಿಯ ಕರುಪ್ಪಸಾಮಿ ತೀರಿಕೊಂಡರು. ಎರಡು ದಿನ ಮಗ್ಗಗಳು ನಿಂತವು, ಮತ್ತೆ ಮೊಟ್ಟೆ ಬಂದವು. ಮೂರನೆಯ ದಿನ ಬಡಿತ ಶುರುವಾಯಿತು, ಸಂಜೆಗೆ ಸೀಸೆ ಖಾಲಿ.

ಇರುವೆ ಬೇರೆ, ಹೆಂಗಸು ಬೇರೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಗುಂಡಿಗೆ ಇಳಿದು ಹಲಗೆ ಎಳೆದಾಗಲೆಲ್ಲ ಆ ಬಾಯಿ ಕಣ್ಣಮುಂದೆ ಬರುತ್ತಿತ್ತು. ಬಡಿತದ ಸದ್ದು ಹೊಟ್ಟೆಯೊಳಗೇ ಆದಂತೆ ಅನ್ನಿಸುತ್ತಿತ್ತು. ಮೆಲ್ಲಗೆ ಬಡಿದಳು. ಬಟ್ಟೆ ಸಡಿಲವಾಯಿತೆಂದು ಗಂಡ ಗೊಣಗಿದ. ಬಚ್ಚಲಿಗೆ ಹೋದಾಗಲೆಲ್ಲ ಬಟ್ಟೆಯಲ್ಲಿ ಕಲೆಯಿದೆಯೇ ಎಂದು ನೋಡಿಕೊಳ್ಳುವುದೇ ಕೆಲಸವಾಯಿತು.

ಒಂದು ಮಧ್ಯಾಹ್ನ ಶಿವಲಿಂಗಂ ಸೊಸೈಟಿಗೆ ಸೀರೆ ಕೊಡಲು ಹೋಗಿದ್ದ. ಗೋಕಿಲಾ ಎಳೆದ ಹಲಗೆಯನ್ನು ಬಡಿಯದೆ ಹಾಗೇ ಹಿಡಿದು ಕೂತುಬಿಟ್ಟಳು. ಮೂಲೆಯಲ್ಲಿ ರಾಟೆ ಸುತ್ತುತ್ತಿದ್ದ ಜಾನಮ್ಮ ತಲೆ ಎತ್ತಿದಳು.

“ಯಾಕ ಅಮ್ಮಣಿ, ಎಳೆ ಹೋಯ್ತಾ?”

“ಇಲ್ಲ ಅತ್ತೆ. ನಾನು ಇನ್ನು ತರಿಗೆ ಇಳಿಯೋದಿಲ್ಲ. ಭಯ ಆಗ್ತದೆ.”

ಆಮೇಲೆ ಮಾತು ತಡೆಯಲಿಲ್ಲ. ಮೂರನೆಯ ಸಲ ನಿಂತಿರುವುದನ್ನು, ಎರಡನೆಯದನ್ನು ಮುಚ್ಚಿಟ್ಟಿದ್ದನ್ನು ಹೇಳಿದಳು. ಕೊನೆಗೆ ಸೀಸೆಯನ್ನೂ ತಂದು ಅತ್ತೆಯ ಮುಂದಿಟ್ಟು ಮೊಟ್ಟೆಗಳ ಕಥೆ ಹೇಳಿದಳು. ಹೇಳಿದ ಮೇಲೆ ಇನ್ನೂ ಹೆದರಿಕೆಯಾಯಿತು.

ಜಾನಮ್ಮ ಸೀಸೆಯನ್ನು ಬೆಳಕಿಗೆ ಹಿಡಿದಳು. “ಗಂಜಿ ನೂಲಿರೋ ಮನೇಲಿ ಇರುವೆ ಸಾಕ್ತಾ ಇದ್ದೀಯಾ. ಇದಕ್ಕಾ ನಿಮ್ಮಪ್ಪ ಕಾಲೇಜಿಗೆ ಕಳಿಸಿದ್ದು?” ಸೀಸೆಯನ್ನು ಕೆಳಗಿಟ್ಟು ಡಾಕ್ಟರು ಏನಂದರು ಎಂದು ಕೇಳಿದಳು.

“ತರಿಯಿಂದ ಅಂತ ಹೇಳಕ್ಕಾಗಲ್ಲ ಅಂದ್ರು.”

“ಡಾಕ್ಟರ ಮನೇಲಿ ತರಿ ಇದೆಯಾ?”

ಜಾನಮ್ಮ ರಾಟೆಯ ಕಡೆ ನೋಡುತ್ತಾ ಹೇಳಿದಳು, “ಮೂರು ಹೆತ್ತೆ ಅಂತ ಎಲ್ಲರಿಗೂ ಹೇಳ್ತೀನಿ. ಎಷ್ಟು ಹೋದವು ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.”

ಸಂಜೆ ಮಗ ಬಂದ ಕೂಡಲೇ, ನಾಳೆಯಿಂದ ಈ ಮನೆಯಲ್ಲಿ ಅಮಾವಾಸ್ಯೆ, ನೀನು ಮಾಮನ ಮನೆಯಲ್ಲಿ ಮಗ್ಗ ಕೇಳಿಕೋ ಎಂದು ತೀರ್ಮಾನ ಹೇಳಿದಳು. ಸೀರೆ ಅರ್ಧಕ್ಕೆ ನಿಂತಿದೆ ಎಂದು ಅವನು ವಾದಿಸಿದ. ಅರ್ಧ ಇರಲಿ ಅಂದಳು.

ಮರುದಿನ ಪಕ್ಕದ ಮನೆಯ ಪಳನಿಯಮ್ಮಾಳ್ ಬಾಗಿಲಲ್ಲಿ ನಿಂತು, ಯಾಕೆ ಸದ್ದೇ ಇಲ್ಲ, ಯಾರಿಗೇನಾಯಿತು ಎಂದು ವಿಚಾರಿಸಿದಳು. “ತರಿಗೆ ಜ್ವರ,” ಎಂದು ಜಾನಮ್ಮ ಅವಳನ್ನು ಸಾಗಹಾಕಿದಳು.

ಹಿಂದಿನ ಕೋಣೆಯಲ್ಲಿ ಮಲಗಿದ್ದ ಗೋಕಿಲಾ ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿದಳು. ಪಳನಿಯಮ್ಮಾಳ್ ಮನೆಯ ಬಡಿತ ಗೋಡೆಯಡಿಯಿಂದ ಸಣ್ಣಗೆ ಬರುತ್ತಲೇ ಇತ್ತು. ಅವಳ ಮುಖ ನೋಡಿ ಜಾನಮ್ಮನೂ ಅಂಗೈ ಒತ್ತಿದಳು. ಎದ್ದು, ಸೀಸೆ ನೆಲಕ್ಕೆ ತಾಗದಿರಲೆಂದು ಹಳೆಯ ಸೀರೆಯೊಂದನ್ನು ತೊಲೆಗೆ ಕಟ್ಟಿದಳು. ಕಟ್ಟಿದ ಮೇಲೆ ಅದು ಖಾಲಿ ತೊಟ್ಟಿಲಿನಂತೆ ತೂಗುವುದು ಕಂಡಿತು. ಅವಸರದಲ್ಲಿ ಗಂಟು ಬಿಚ್ಚಿ, ಸೀರೆಯನ್ನು ಸುತ್ತಿ ಮಂಚದ ಕೆಳಗೆ ತಳ್ಳಿದಳು.

ಕೊನೆಗೆ ಸೀಸೆಯನ್ನು ಅಕ್ಕಿ ಡಬ್ಬದೊಳಗೆ ಹೂತಳು. ಅಲ್ಲಿ ಕತ್ತಲೆ ಇತ್ತು, ಅದುರುವಿಕೆ ಅಷ್ಟಾಗಿ ತಲುಪುತ್ತಿರಲಿಲ್ಲ.

“ಎಷ್ಟು ದಿನ ನೋಡಬಾರದು?” ಎಂದು ಕೇಳಿದಳು.

“ಹದಿನೈದು ದಿನ ಅತ್ತೆ.”

ಅಂದಿನಿಂದ ಜಾನಮ್ಮ ಅನ್ನಕ್ಕಿಡುವಾಗ ಡಬ್ಬದ ಇನ್ನೊಂದು ಬದಿಯಿಂದ, ಉಸಿರು ಬಿಗಿಹಿಡಿದು ಅಕ್ಕಿ ತೆಗೆಯುತ್ತಿದ್ದಳು. ಗೋಕಿಲಾ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಮುಚ್ಚಳ ಮುಚ್ಚುವವರೆಗೆ ಇಬ್ಬರೂ ಮಾತಾಡುತ್ತಿರಲಿಲ್ಲ.