ಮುನಿರಾಜಣ್ಣನ ಸಿಂಗಲ್ ರೂಮು

ದೊಡ್ಡನೆಕ್ಕುಂದಿಯ ಮುನಿರಾಜಣ್ಣ, ಬಾಡಿಗೆಗೆ ಮನೆ ಕೇಳಿಕೊಂಡು ಬಂದವರ ಹೆಸರು ಕೇಳುತ್ತಿರಲಿಲ್ಲ, ಕೆಲಸವನ್ನೂ ಕೇಳುತ್ತಿರಲಿಲ್ಲ. ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ ಕೂತವರು ತಲೆ ಎತ್ತಿ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಎಷ್ಟು ಜನ?" ಒಬ್ಬರೇ ಎಂದರೆ ಮೇಲಿನ ಮಹಡಿಯ ಸಿಂಗಲ್ ರೂಮು. ಗಂಡ ಹೆಂಡತಿ ಎಂದರೆ ಅದರ ಕೆಳಗಿನ ಮನೆ. ಒಬ್ಬನೇ ಬಂದು ದೊಡ್ಡ ಮನೆ ಬೇಕು, ಬಾಡಿಗೆ ಎಷ್ಟಾದರೂ ಕೊಡುತ್ತೇನೆ ಎಂದರೂ ಅವರು ಒಪ್ಪುತ್ತಿರಲಿಲ್ಲ. "ಒಬ್ನಿಗೆ ಯಾಕಪ್ಪಾ ಅಷ್ಟು ಜಾಗ? ಬೆಳಗ್ಗೆ ಎದ್ದು ನಿನ್ನ ನೀನೇ ಹುಡುಕ್ಕೊಂಡು ತಿರುಗ್ಬೇಕಾಯ್ತದೆ" ಎಂದು ಕಳಿಸಿಬಿಡುತ್ತಿದ್ದರು.

ನಾನೂ ಅಮ್ಮನೂ ಅವರ ಮೊದಲನೇ ಮಹಡಿಯ ಬಾಡಿಗೆದಾರರು. ನಾನು ವಿಮಾನಪುರದ ಒಂದು ಶಾಲೆಯಲ್ಲಿ ವಿಜ್ಞಾನ ಟೀಚರು. ವಾದ ಮಾಡುವುದು ನನ್ನ ಚಟ, ಅವರದೂ ಅದೇ. ಹಾಗಾಗಿ ಸಾಯಂಕಾಲ ನಾನು ಗೇಟು ದಾಟಿ ನೇರವಾಗಿ ಮೇಲೆ ಹತ್ತಿದ ದಿನ ಕಮ್ಮಿ. ಈ ಕಟ್ಟಡ ನಿಂತಿರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಅಣ್ಣ ತಮ್ಮ ಭಾಗವಾದಾಗ ಒಂದು ಗೇಣೂ ಆಚೀಚೆ ಆಗದಂತೆ ಹಗ್ಗ ಹಿಡಿದು ಅಳೆದಿದ್ದರಂತೆ. "ಅಣ್ಣನಿಗೆ ಏನದೋ ಅದು ತಮ್ಮನಿಗೂ ಇರಬೇಕು. ಇಲ್ದಿದ್ರೆ ಅದು ಭಾಗವಲ್ಲ ಕಣಮ್ಮ, ಮೋಸ" ಎನ್ನುತ್ತಿದ್ದರು. ಈ ಮಾತನ್ನು ನಾನು ಬೇಜಾರಾಗುವಷ್ಟು ಸಲ ಕೇಳಿದ್ದೇನೆ.

ಕೆ.ಆರ್. ಪುರದಲ್ಲಿದ್ದ ಅವರ ಮಗಳ ಮಗ ಬೇಸಿಗೆ ರಜಕ್ಕೆ ಬರುವವನಿದ್ದ. ಅವನನ್ನು ಮನೆಯಲ್ಲಿ ಹಿಡಿದು ಕೂರಿಸಲು ಏನು ಮಾಡುವುದೆಂದು ಮುನಿರಾಜಣ್ಣ ಕೇಳಿದಾಗ, ವಿಡಿಯೋ ಗೇಮ್ ತನ್ನಿ ಎಂದವಳು ನಾನೇ. ಇಬ್ಬರೂ ಶಿವಾಜಿನಗರಕ್ಕೆ ಹೋದೆವು. ಅಂಗಡಿಯವನು ಸ್ಲೇಟಿನಷ್ಟು ದೊಡ್ಡ ಪರದೆಯ ಒಂದು ಯಂತ್ರ ತೋರಿಸಿದ. ಅದರ ಎರಡೂ ಪಕ್ಕದಲ್ಲಿ ಗುಂಡಿಗಳಿರುವ ಹಿಡಿಗಳು. ಬೇಕೆಂದರೆ ಹಿಡಿಗಳನ್ನು ಕಳಚಿ ಇಬ್ಬರು ಒಂದೊಂದು ಹಿಡಿದುಕೊಳ್ಳಬಹುದು. ಪರದೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರೆ ಚಿತ್ರ ಟಿವಿಯಲ್ಲಿ ಬರುತ್ತದೆ. "ಕೈಯಲ್ಲೂ ಆಡ್ಬೋದು, ಟಿವಿಯಲ್ಲೂ ಆಡ್ಬೋದು ಅಂಕಲ್. ದೋನೋ ಕಾಮ್" ಎಂದ. ಮುನಿರಾಜಣ್ಣನಿಗೆ ಇದು ಬಹಳ ಹಿಡಿಸಿತು. ದಾರಿಯುದ್ದಕ್ಕೂ, ಮುಂದೆ ಅಂಗಡಿ ಹಿಂದೆ ಮನೆ ಇರೋ ಸೈಟು ಇದ್ದಂಗದೆ ಎಂದು ಹೊಗಳಿದ್ದೇ ಹೊಗಳಿದ್ದು.

ರಜ ಮುಗಿದು ಮೊಮ್ಮಗ ಹೊರಟ. ಮನೆಯಲ್ಲಿದ್ದರೆ ಓದುವುದಿಲ್ಲವೆಂದು ಮಗಳು ಯಂತ್ರವನ್ನು ಇಲ್ಲಿಯೇ ಬಿಟ್ಟಳು. ಒಂದು ಸಂಜೆ ಬಾಡಿಗೆ ಕೊಡಲು ಹೋದರೆ ಮುನಿರಾಜಣ್ಣನೂ ಅವರ ಹೆಂಡತಿ ಜಯಮ್ಮನೂ ಸೋಫಾದಲ್ಲಿ ಅಕ್ಕಪಕ್ಕ ಕೂತು ಒಂದೊಂದು ಹಿಡಿ ಹಿಡಿದು ಆಡುತ್ತಿದ್ದರು. ಟಿವಿಯಲ್ಲಿ ಇಬ್ಬರು ಕುಳ್ಳರು ಹಳ್ಳ ಎಗರಿಕೊಂಡು ಓಡುತ್ತಿದ್ದರು. ಜಯಮ್ಮನ ಕುಳ್ಳ ಮುಂದೆ, ಇವರದು ಹಿಂದೆ. ಜಯಮ್ಮ ಮಾತು ಕಮ್ಮಿಯ ಹೆಂಗಸು. ಗಂಡನಿಗೆ ಊಟಕ್ಕೆ ಬಡಿಸಿ ಅಡುಗೆಮನೆ ಬಾಗಿಲಲ್ಲಿ ನಿಲ್ಲುವವರೇ ಹೊರತು ಪಕ್ಕದಲ್ಲಿ ಕೂತಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಅವತ್ತು ಅವರು, "ಬನ್ನಿ ಬನ್ನಿ, ಅಲ್ಲೇ ನಿಂತು ಏನ್ ಲೆಕ್ಕ ಹಾಕ್ತಿದೀರಿ?" ಎಂದು ಗಂಡನನ್ನು ರೇಗಿಸುತ್ತಿದ್ದರು. ನನಗೆ ಕಾಫಿ ಕೊಡುವುದನ್ನೂ ಮರೆತಿದ್ದರು.

ಇಷ್ಟಕ್ಕೆ ಸುಮ್ಮನಿದ್ದರೆ ಅವರು ಮುನಿರಾಜಣ್ಣ ಹೇಗಾದಾರು? ಮಧ್ಯಾಹ್ನ ಮಲಗಿಕೊಂಡು ಆಡುವಾಗ ಯಂತ್ರ ಮುಖದ ಮೇಲೆ ಬಿದ್ದು ಮೂಗು ಊದಿತು. ಗೇಟಿನ ಹತ್ತಿರ ಕೂತು ಆಡಿದರೆ ಕೈ ನೋಯುತ್ತದೆ ಎಂಬ ದೂರು ಬೇರೆ. ಇದರಲ್ಲೇ ಒಂದು ಚಿಕ್ಕದು ಬೇಕೇ ಬೇಕು ಎಂದು ನನ್ನ ಹತ್ತಿರ ವಾದ ಶುರುವಿಟ್ಟುಕೊಂಡರು. ಎರಡೂ ಕಡೆ ಆಡಬಹುದು ಎನ್ನುವುದೇ ದೊಡ್ಡದರ ಹೆಚ್ಚುಗಾರಿಕೆ, ಚಿಕ್ಕದು ಯಾಕೆ ಬೇಕು ಎಂದು ನಾನು.

"ನಾನು ಮನೆ ಕಟ್ಸಿದಾಗ ಬರೀ ದೊಡ್ಡ ಮನೆ ಕಟ್ಸಿದ್ನಾ? ಮೇಲೆ ಸಿಂಗಲ್ ರೂಮ್ ಮಾಡ್ಲಿಲ್ವಾ? ಒಬ್ಬೊಬ್ರೇ ಇರೋರು ಎಲ್ಲಿಗ್ ಹೋಗ್ಬೇಕು?"

"ನೀವು ಒಬ್ರೇ ಇದೀರಾ?"

"ಮಧ್ಯಾಹ್ನ ಒಬ್ನೇ ಅಲ್ವೇನಮ್ಮಾ. ಅವಳು ಮಲಗಿರ್ತಾಳೆ."

ಇಂಥವರ ಹತ್ತಿರ ಏನು ಮಾತಾಡುವುದು? ನಾನು ಸೋಲಲಿಲ್ಲ, ಅವರೂ ಸೋಲಲಿಲ್ಲ.

ಗೌರಿ ಹಬ್ಬ ಬಂತು. ಮಗಳಿಗೆ ಬಾಗಿನ ಕೊಡಲು ಹೋದ ಮುನಿರಾಜಣ್ಣ, ಸೀರೆ, ಬಳೆ, ಮೊರದ ಜೊತೆಗೆ ದೊಡ್ಡ ಯಂತ್ರವನ್ನೂ ಒಯ್ದು ಮೊಮ್ಮಗನಿಗೆ ಇರಲಿ ಎಂದು ಕೊಟ್ಟುಬಂದರು. ಬರುತ್ತಾ ಶಿವಾಜಿನಗರಕ್ಕೆ ಹೋಗಿ ಅದೇ ಕಂಪನಿಯ ಚಿಕ್ಕದನ್ನು ತಂದರು. ಹಗುರ, ಅಂಗೈಗೆ ಒಪ್ಪುವಂಥದ್ದು. ಸಂಜೆ ನನ್ನನ್ನು ಕೂಗಿದರು. ಹೋದರೆ ಮನುಷ್ಯ ಟಿವಿಯ ಹಿಂದೆ ಮಂಡಿಯೂರಿ ವೈರು ಹುಡುಕುತ್ತಿದ್ದಾರೆ. ಜಯಮ್ಮ ಮುಖ ತೊಳೆದು, ಹೂ ಮುಡಿದು ಸೋಫಾದಲ್ಲಿ ತಮ್ಮ ಜಾಗದಲ್ಲಿ ಕೂತಿದ್ದಾರೆ.

"ಇದು ಟಿವಿಗೆ ಬರಲ್ಲ. ಇದರ ಹಿಡಿ ಬಿಚ್ಚೋಕೂ ಆಗಲ್ಲ. ಅಂಗಡಿಯವನನ್ನ ಕೇಳ್ಲಿಲ್ವಾ?" ಎಂದೆ.

"ಕೇಳೋದೇನು? ಅದರ ತಮ್ಮ ಅಲ್ವಾ ಇದು? ಅಣ್ಣನಿಗೆ ಇದ್ದದ್ದು ತಮ್ಮನಿಗೂ ಇರ್ತದೆ ಅಂದ್ಕಂಡೆ."

ನನಗೆ ನಗು ಬಂತು. ಜಯಮ್ಮನ ಮುಖ ನೋಡಿ ನುಂಗಿಕೊಂಡೆ. ಅವರು ಎದ್ದು ನಿಂತರು. "ಗೇಟಿಗೆ ಬಂದೋರ್ನೆಲ್ಲಾ ಎಷ್ಟು ಜನ, ಎಷ್ಟು ಜನ ಅಂತ ಕೇಳ್ತೀರಿ. ಈ ಮನೇಲಿ ಎಷ್ಟು ಜನ ಅಂತ ಎಣಿಸ್ಲಿಲ್ವಾ?" ಎಂದಷ್ಟೇ ಹೇಳಿ ಒಳಗೆ ಹೋದರು.

ಮಗಳಿಗೆ ಬಾಗಿನದ ಜೊತೆ ಕೊಟ್ಟ ವಸ್ತುವನ್ನು ತವರಿನವರು ವಾಪಸ್ ಕೇಳುವ ಹಾಗಿಲ್ಲ. ಅದು ಆ ಮನೆಯ ಕಟ್ಟುನಿಟ್ಟು. ಇನ್ನೊಂದು ದೊಡ್ಡದನ್ನೇ ತರುತ್ತೇನೆ ಎಂದು ಮುನಿರಾಜಣ್ಣ ಗೋಗರೆದರು. "ತನ್ನಿ, ನಾ ಮುಟ್ಟಲ್ಲ" ಎಂದರು ಜಯಮ್ಮ. ಅವರ ಸಿಟ್ಟು ಯಂತ್ರದ ಮೇಲಿನದಲ್ಲ, ತಮ್ಮನ್ನು ಒಂದು ಮಾತು ಕೇಳದೆ ಕೊಟ್ಟುಬಿಟ್ಟರಲ್ಲ ಎಂಬುದರ ಮೇಲಿನದು. ಇದು ನನಗೆ ಗೊತ್ತಾಗಿತ್ತು, ಗಂಡನಿಗೆ ಗೊತ್ತಾಗಲು ತಡವಾಯಿತು. ಜಯಮ್ಮ ಮತ್ತೆ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತರು. ಸಂಜೆ ಟಿವಿಯಲ್ಲಿ ಧಾರಾವಾಹಿ ಓಡುತ್ತಿತ್ತು. ಚಿಕ್ಕ ಯಂತ್ರ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಿತ್ತು. ಮುನಿರಾಜಣ್ಣ ಗೇಟಿನ ಹತ್ತಿರ ಸುಮ್ಮನೆ ಕೂತಿರುತ್ತಿದ್ದರು. ಒಂದು ದಿನ ನನ್ನನ್ನು ನಿಲ್ಲಿಸಿ, "ಟೀಚರಮ್ಮ, ಅವಳು ನನ್ ಜೊತೆ ನಗ್ತಾ ಇದ್ಲು ಕಣಮ್ಮ. ಮದುವೆ ಆದಾಗಿಂದ ಅಷ್ಟು ನಕ್ಕಿರ್ಲಿಲ್ಲ. ಹಾಳ್ ಮಾಡ್ಕಂಡೆ" ಎಂದರು.

ಅವರು ಕೊನೆಗೆ ಮಾಡಿದ್ದು ಇಷ್ಟೇ. ಒಂದು ಸಂಜೆ ಕರೆಂಟು ಹೋಗಿ ಧಾರಾವಾಹಿ ನಿಂತಾಗ ಜಯಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಮುನಿರಾಜಣ್ಣ ಒಳಗೆ ಹೋಗಿ ಚಿಕ್ಕದನ್ನು ಒರೆಸಿಕೊಂಡು ಬಂದು ಅವರ ಪಕ್ಕ ಕೂತು, "ನಿನ್ನ ಕೇಳ್ದೆ ಕೊಟ್ಟಿದ್ದು ತಪ್ಪು. ಈಗ ಕೇಳ್ತೀನಿ. ಆ ಕಡೆ ಹಿಡ್ಕಂತೀಯಾ?" ಎಂದರಂತೆ. ಜಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಚಾಚಿದರಂತೆ. ನಾನು ನೋಡಿದ್ದು ಅದರ ನಂತರದ್ದು. ಶಾಲೆಯಿಂದ ಬಂದು ಗೇಟು ತೆಗೆದರೆ, ಮೆಟ್ಟಿಲ ಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತಿದ್ದಾರೆ. ಎಡಗಡೆಯ ಗುಂಡಿ ಮುನಿರಾಜಣ್ಣನ ಹೆಬ್ಬೆರಳಿಗೆ, ಬಲಗಡೆಯದು ಜಯಮ್ಮನ ಹೆಬ್ಬೆರಳಿಗೆ. ಕುಳ್ಳನನ್ನು ನಡೆಸುವುದು ಅವರು, ಎಗರಿಸುವುದು ಇವರು.

"ಹಳ್ಳ ಬಂತು ಅಂತ ಮೊದ್ಲೇ ಹೇಳ್ಬಾರ್ದಾ?"

"ನಿಂಗೆ ಕಣ್ಣಿಲ್ವೇನೇ?"

ಕುಳ್ಳ ಹಳ್ಳಕ್ಕೆ ಬಿದ್ದ. ಇಬ್ಬರೂ ನಕ್ಕರು. ಮುನಿರಾಜಣ್ಣ ನನ್ನನ್ನು ನೋಡಿ, "ನೋಡಮ್ಮ, ಸಿಂಗಲ್ ರೂಮಲ್ಲಿ ಇಬ್ರು ಇದೀವಿ" ಎಂದರು.

"ನಿಮ್ ರೂಲ್ಸ್ ಪ್ರಕಾರ ಖಾಲಿ ಮಾಡಿಸ್ಬೇಕು" ಎಂದೆ.

"ಮಾಡ್ಸು ನೋಡಾಣ" ಎಂದರು ಜಯಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಚಳಿಗಾಲದಲ್ಲಿ ಒಂದು ಬೆಳಗ್ಗೆ ಮುನಿರಾಜಣ್ಣ ನನ್ನನ್ನು ತಡೆದು, ಟ್ಯಾಂಕರ್ ನೀರು ತಡವಾಗುತ್ತದೆ, ಬಕೆಟ್ ತುಂಬಿಸಿಟ್ಟುಕೊಳ್ಳಿ ಎಂದರು. ನಾನು ಹೂಂ ಎಂದು ಓಡಿದೆ, ಬಸ್ಸಿಗೆ ಹೊತ್ತಾಗಿತ್ತು. ಮೇಲಿನ ರೂಮು ಯಾರಿಗೋ ತೋರಿಸಲು ಹತ್ತಿದವರು ಮೆಟ್ಟಿಲ ನಡುವೆ ಎದೆ ಹಿಡಿದುಕೊಂಡು ಕೂತರಂತೆ. ಮಾರತ್ತಹಳ್ಳಿಯ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದರು. ಸಂಜೆ ನಾನು ಬರುವಾಗ ಗೇಟಿನ ಮುಂದೆ ಶಾಮಿಯಾನ ಹಾಕುತ್ತಿದ್ದರು. ಅವರಿಲ್ಲದ ಆ ಕುರ್ಚಿಯನ್ನು ನೋಡಿ ನಾನು ಬೀದಿಯಲ್ಲೇ ನಿಂತು ಅತ್ತೆ.

ತಿಥಿ ಮುಗಿಸಿ ಹೊರಟ ಮಗಳು, ದೊಡ್ಡದನ್ನು ತಂದುಕೊಡಲಾ ಎಂದು ತಾಯಿಯನ್ನು ಕೇಳಿದಳು. "ಬೇಡ, ಅದು ನಿನ್ನ ಮನೇದು" ಎಂದರು ಜಯಮ್ಮ. ಆಮೇಲೆ ಕೆಲವು ದಿನ ಅವರು ಹೊರಗೆ ಬರಲಿಲ್ಲ. ಒಂದು ಸಂಜೆ ನಾನು ಬಂದಾಗ ಮೆಟ್ಟಿಲ ಮೇಲೆ ಕೂತಿದ್ದರು. ಚಿಕ್ಕ ಯಂತ್ರ ತೊಡೆಯ ಮೇಲಿತ್ತು.

"ಬಾ ಟೀಚರಮ್ಮ" ಎಂದರು. "ಇದ್ರಲ್ಲಿ ನಂಗೆ ಎಗರೋದು ಮಾತ್ರ ಬತ್ತದೆ. ನಡೆಸೋದು ಅವ್ರು ನೋಡ್ಕಂತಿದ್ರು. ನಾ ಒಬ್ಳೇ ಹಿಡ್ಕಂಡ್ರೆ ಅದು ನಿಂತ್ ಜಾಗದಲ್ಲೇ ಎಗರ್ತಾ ಇರ್ತದೆ."

ನಾನು ಚೀಲ ಕೆಳಗಿಟ್ಟು ಅವರ ಎಡಗಡೆ ಕೂರಲು ಹೋದೆ. ಅವರು ನನ್ನ ಕೈ ಹಿಡಿದು ತಡೆದರು.

"ಅಲ್ಲಲ್ಲ, ನೀನು ಬಲಗಡೆ ಕೂತ್ಕ. ಎಗರೋದು ನೀ ನೋಡ್ಕ, ನಡೆಸೋದು ನಾ ಕಲೀಬೇಕು."

ಅವರು ಎಡಕ್ಕೆ ಸರಿದು, ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತು, ಎಡಗಡೆಯ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟರು. ಕುಳ್ಳ ಸ್ವಲ್ಪ ದೂರ ಹಿಂದಕ್ಕೆ ನಡೆದ, ನಿಂತ, ತಿರುಗಿದ, ಮುಂದೆ ಬಂದ. ನಾನು ಎಗರಿಸುವ ಮೊದಲೇ ಹಳ್ಳಕ್ಕೆ ಬಿದ್ದ.

"ಇನ್ನೊಂದ್ ಸಲ" ಎಂದರು ಜಯಮ್ಮ.