ಹೊಸ ರಸ್ತೆಯ ಮೇಲೊಂದು ಪಾವು

ಮೈಲ್ಕಲ್‌ನಿಂದ ನರಸಿಂಹನಾಯಕ್ಕನ್‌ಪಾಳೆಯಂವರೆಗೆ ಮೂವತ್ತೆರಡು ಕಿಲೋಮೀಟರು, ಕೊಯಮತ್ತೂರು ಪೇಟೆಯ ಒಳಗೆ ಕಾಲಿಡದೆ ಪಡುವಣದಿಂದ ಬಳಸಿ ಹೋಗುವ ರಸ್ತೆ. ಹತ್ತು ವರ್ಷಕ್ಕೂ ಮೇಲೆ ಅದು ಬರೀ ಕಾಗದದ ಮೇಲಿತ್ತು. ಅಳೆದರು, ಕಲ್ಲು ನೆಟ್ಟರು, ಜಮೀನಿನ ಮಾತುಕತೆ ನಡೆಸಿದರು, ಮತ್ತೆ ಅಳೆದರು. ಆ ರಸ್ತೆ ಮುಗಿಯುವಷ್ಟರಲ್ಲಿ ನನ್ನ ಮೊಮ್ಮಗನಿಗೆ ಲೈಸೆನ್ಸ್ ಬಂದಿರುತ್ತದೆ ಎಂದು ನಾನು ಟೀ ಅಂಗಡಿಯಲ್ಲಿ ಗೇಲಿ ಮಾಡುತ್ತಿದ್ದೆ. ನನಗಿನ್ನೂ ಮೊಮ್ಮಗ ಹುಟ್ಟಿಲ್ಲ, ಅಷ್ಟರಲ್ಲಿ ಒಂದು ತುಂಡು ಡಾಂಬರು ಕಂಡೇ ಬಿಟ್ಟಿತು.

ಆ ತುಂಡಿಗೆ ಕಾವಲುಗಾರರಾಗಿದ್ದವರು ನಮ್ಮ ಎದುರುಮನೆಯ ನಂಜುಂಡನ್ ಮಾಮ. ಹುಟ್ಟು ನೇಕಾರರು. ಕೆಲಸದಿಂದ ಬಂದು ಜಗಲಿಯ ಮೇಲೆ ಕೂತು ರಸ್ತೆಯ ಸುದ್ದಿ ಹೇಳುವುದೆಂದರೆ ಅವರಿಗೆ ಬಲು ಖುಷಿ. ಮೊದಲು ಮಣ್ಣು, ಅದರ ಮೇಲೆ ಜಲ್ಲಿ, ನೀರು, ರೋಲರ್, ಮತ್ತೆ ಜಲ್ಲಿ, ಮತ್ತೆ ರೋಲರ್.

"ನಮ್ ಮಗ್ಗದ್ ಮಾದ್ರಿನೇ ಸೆಂದಿಲು, ಅವಸರ ಪಟ್ರೆ ಅಲ್ಲೇ ಕೆಡ್ತದೆ" ಎನ್ನುತ್ತಿದ್ದರು.

ನಾನು ಸೆಂದಿಲ್‌ಕುಮಾರ್. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ನೂಲು ಮಾರುತ್ತೇನೆ. ನಮ್ಮ ಬೀದಿ ಪೇರೂರು ಕಡೆ, ಇಡೀ ಬೀದಿಗೆ ಬೀದಿಯೇ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು.

ಸೀರೆಯ ಉದ್ದಕ್ಕೆ ಹೋಗುವ ಎಳೆಗಳ ಹಾಸನ್ನು ನಾವು ಪಾವು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬೀದಿಯುದ್ದಕ್ಕೂ ಬಿದಿರಿನ ಕಂಬಗಳಿಗೆ ಬಿಗಿದು ಕಟ್ಟಿ, ಅನ್ನದ ಗಂಜಿ ಹಚ್ಚಿ, ದೊಡ್ಡ ಬ್ರಷ್ಷಿನಿಂದ ಬಾಚಿ ಒಣಗಿಸಬೇಕು. ಎಳೆಬಿಸಿಲಲ್ಲೇ ಮುಗಿಯಬೇಕು, ಹತ್ತಾರು ಕೈ ಬೇಕು. ಹಸಿ ಇರುವಾಗ ಸುತ್ತಿದರೆ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಪಾವು ಹಾಳಾಗುತ್ತದೆ.

ಒಂಬತ್ತು ವರ್ಷದ ಹಿಂದೆ ಬೀದಿಗೆ ಕಾಂಕ್ರೀಟು ಬಿತ್ತು, ಮನೆಗೊಂದು ಗಾಡಿ ಬಂತು. ನನ್ನ ಕಾರೂ ಬಂತು, ಸರಿಯಾಗಿ ಮಾಮನ ಕಂಬ ನಿಲ್ಲುವ ಕಡೆಯೇ ನಿಂತಿತು. ತೆಗಿ ಎಂದು ಅವರು ಒಂದು ಮಾತು ಹೇಳಲಿಲ್ಲ. ಹೇಳುವ ಜೀವವೇ ಅಲ್ಲ ಅದು. ಮದುವೆ ಪಂಕ್ತಿಯಲ್ಲಿ ಎಲೆಗೆ ಉಪ್ಪು ಬೀಳದಿದ್ದರೆ ಸಪ್ಪೆಯೇ ಉಂಡು ಏಳುವವರು. ಅವರು ಕೇಳಲಿಲ್ಲ, ನಾನು ತೆಗೆಯಲಿಲ್ಲ. ಮೌನವೇ ಸಮ್ಮತಿ ಎಂಬ ಮಾತು ನನ್ನಂಥ ಅನುಕೂಲಸ್ಥರಿಗೆ ಬಹಳ ಹಿಡಿಸುತ್ತದೆ. ಮಾಮ ಮಿಲ್ಲಿನಲ್ಲಿ ಗಂಜಿ ಹಾಕಿಸಿದ ಪಾವು ತಂದು ನೇಯತೊಡಗಿದರು. ಅದರಿಂದ ಹೊಟ್ಟೆ ತುಂಬದಿದ್ದಾಗ ಕಾವಲಿನ ಕೆಲಸ ಹಿಡಿದರು.

ಹೀಗಿರುವಾಗ ಮಾಮನ ಮಗಳು ಗೋಕಿಲಾಗೆ ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳಲ್ಲಿ ಮದುವೆ ಗೊತ್ತಾಯಿತು. ಅವರ ಮನೆಯಲ್ಲಿ ಧಾರೆಗೆ ರೇಷ್ಮೆ ಉಡಿಸುವುದಿಲ್ಲ. ಸ್ವಂತ ಮಗ್ಗದ ಹತ್ತಿ ಸೀರೆಯೇ ಆಗಬೇಕು, ಅದರ ಪಾವಿಗೆ ನಂಟರಿಷ್ಟರ ಕೈಯ ಗಂಜಿಯೇ ಬೀಳಬೇಕು. ಮಾಮ ಮಿಲ್ಲಿನ ಪಾವು ಸಾಲದೇ ಎಂದು ಮೆಲ್ಲಗೆ ಕೇಳಿ ನೋಡಿದರು. ಅವರ ಹೆಂಡತಿ ರಾಮಾತಾಳ್ ಅತ್ತೆ ಸೊಂಟಕ್ಕೆ ಕೈಯಿಟ್ಟರು.

"ನಾನ್ ಈ ಮನೆಗೆ ಬಂದಿದ್ದು ಬೀದಿ ಪಾವಿನ ಸೀರೆ ಉಟ್ಕೊಂಡು. ನನ್ ಮಗಳಿಗೆ ಮಾತ್ರ ಮೆಷಿನ್ ಗಂಜಿಯಾ? ಹಂಗಾದ್ರೆ ನೀವೇ ನಿಂತ್ಕೊಂಡ್ ಧಾರೆ ಎರ್ದುಬಿಡಿ, ನಾನ್ ಬರಲ್ಲ!"

ಮಾಮ ಒಂದು ವಾರ ಯೋಚಿಸಿದರು. ಯಾರನ್ನೂ ಏನೂ ಕೇಳದೆ ಕೆಲಸ ಆಗಬೇಕಿತ್ತು. ತಾವು ಕಾಯುತ್ತಿದ್ದ ರಸ್ತೆಯೇ ನೆನಪಾಯಿತು. ಚೊಕ್ಕವಾಗಿದೆ, ನೆಟ್ಟಗಿದೆ, ಗಾಡಿಗಳಿನ್ನೂ ಬಿಟ್ಟಿಲ್ಲ, ಭಾನುವಾರ ಯಾರೂ ಬರುವುದಿಲ್ಲ. ಸರ್ಕಾರ ಇಷ್ಟು ವರ್ಷ ಕಷ್ಟಪಟ್ಟದ್ದು ಪಾವು ಹಾಸುವುದಕ್ಕೇ ಎಂದು ನೇಕಾರನಿಗಲ್ಲದೆ ಇನ್ನಾರಿಗೆ ತೋಚೀತು! ಅತ್ತೆ ಗುಟ್ಟಾಗಿ ಪಕ್ಕದ ಮನೆಯ ಪಳನಿಯಮ್ಮನ ಕಿವಿಯಲ್ಲಿ ಹಾಕಿದರು. ಪಳನಿಯಮ್ಮನಿಗೆ ಗುಟ್ಟು ಹೇಳುವುದೂ ಒಂದೇ, ಊರಿಗೆ ಡಂಗುರ ಸಾರುವುದೂ ಒಂದೇ. ಕಾರ್ತಿಕ ಮಾಸದ ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಬೆಳಗಾಗುವಾಗ ಇಡೀ ಬೀದಿ ಹೊರಟಿತ್ತು. ನಾನೂ ಹೊರಟೆ.

ಏನು ಹೇಳಲಿ, ಅಷ್ಟು ನಗು ಕೇಳಿ ವರ್ಷಗಳಾಗಿದ್ದವು. ಐದು ಸೀರೆಗಾಗುವಷ್ಟು ಉದ್ದದ ಪಾವು ಕರಿ ರಸ್ತೆಯ ಮೇಲೆ ಕೆಂಪಗೆ ಬಿಗಿದು ನಿಂತಿತು. ಹೆಂಗಸರು ಗಂಜಿ ಚಿಮುಕಿಸಿದರು, ಮಾಮ ಒಂದು ಕಡೆ ನಾನೊಂದು ಕಡೆ ಬ್ರಷ್ಷು ಹಿಡಿದು ಎಳೆದೆವು. ಅಪ್ಪ ಕಲಿಸಿದ್ದು ಕೈ ಮರೆತಿರಲಿಲ್ಲ.

"ನೂಲ್ ಮಾರೋನಿಗೆ ನೂಲ್ ಮುಟ್ಟಕ್ಕೂ ಬರ್ತದಾ!" ಎಂದು ಪಳನಿಯಮ್ಮ ಕಾಲೆಳೆದರು.

ಗಂಜಿ ಇನ್ನೂ ಹಸಿಯಾಗಿರುವಾಗಲೇ ಮಾದಂಪಟ್ಟಿ ಕಡೆಯಿಂದ ಜೀಪು ಬಂತು. ಇಳಿದವರು ಆ ರಸ್ತೆಯ ಇಂಜಿನಿಯರ್ ಜಯಪ್ರಿಯಾ. ಅವರ ಮುಖ ನೋಡಿಯೇ ನಮ್ಮ ನಗು ನಿಂತುಹೋಯಿತು.

"ಏನಿದು ನಂಜುಂಡನ್? ಚೆನ್ನೈನಿಂದ ದೊಡ್ಡ ಅಧಿಕಾರಿಗಳು ಬಂದಿದ್ದಾರೆ, ಈಗಲೇ ರಸ್ತೆ ನೋಡಬೇಕಂತೆ. ಐದು ನಿಮಿಷದಲ್ಲಿ ಎಲ್ಲ ತೆಗೀರಿ" ಎಂದು ತಮಿಳಿನಲ್ಲಿ ಸಿಡುಕಿದರು.

ಮಾಮನ ಕೈ ಹಗ್ಗದ ಗಂಟಿಗೆ ಹೋಯಿತು. ಒಂಬತ್ತು ವರ್ಷ ನೋಡಿದ್ದೇನಲ್ಲ, ಬಿಚ್ಚಿಯೇ ಬಿಡುತ್ತಾರೆ ಎಂದುಕೊಂಡೆ. ಅತ್ತೆಯ ಕಣ್ಣು ತುಂಬಿಕೊಂಡವು. ಮಾಮ ಅದನ್ನು ಕಂಡರು. ಗಂಟು ಬಿಟ್ಟು ಇಂಜಿನಿಯರ್ ಎದುರಿಗೆ ಹೋಗಿ ನಿಂತರು.

"ಅಮ್ಮಾ, ಅರ್ಧ ಗಂಟೆ ಕೊಡಿ. ನನ್ನ ಮಗಳ ಮದುವೆ ಸೀರೆ ಇದು, ಹಸಿಯಲ್ಲಿ ಸುತ್ತಿದರೆ ಹೋಯಿತು. ತಪ್ಪು ನನ್ನದೇ. ನಾಳೆಯಿಂದ ಕೆಲಸಕ್ಕೆ ಬೇಡ ಅನ್ನಿ, ಬರುವುದಿಲ್ಲ. ಅರ್ಧ ಗಂಟೆ ಮಾತ್ರ ಕೊಡಿ." ತಮಿಳಿನಲ್ಲೇ ಕೇಳಿದರು, ಒಂದೇ ಉಸಿರಿನಲ್ಲಿ.

ಜಯಪ್ರಿಯಾ ಪಾವಿನ ಹತ್ತಿರ ಬಂದು ಒಂದು ಬೆರಳಿನಿಂದ ಮುಟ್ಟಿ ನೋಡಿದರು. ಫೋನು ತೆಗೆದು, "ಸರ್, ಮೊದಲು ನೊಯ್ಯಲ್ ನದಿ ಸೇತುವೆ ನೋಡಿಬಿಡೋಣ, ಈ ಭಾಗ ಆಮೇಲೆ" ಎಂದರು. ನಮ್ಮ ಕಡೆ ತಿರುಗಿ, "ಅರ್ಧ ಗಂಟೆ ಅಂದರೆ ಅರ್ಧ ಗಂಟೆ. ಇನ್ನೊಂದು ಸಲ ಇಲ್ಲಿ ಕಂಡರೆ ನಾನೇ ಬಿಚ್ಚಿ ಹಾಕುತ್ತೇನೆ. ನೀವು ನಾಳೆ ಕೆಲಸಕ್ಕೆ ಬನ್ನಿ" ಎಂದು ಹೇಳಿ ಜೀಪು ಹತ್ತಿದರು.

ಬಿಸಿಲೂ ಕೃಪೆ ಮಾಡಿತು. ಇಪ್ಪತ್ತೈದು ನಿಮಿಷಕ್ಕೆ ಪಾವು ಒಣಗಿತು, ಒಂದು ಎಳೆಯೂ ಅಂಟಲಿಲ್ಲ. ಸುತ್ತಿ ಮುಗಿಸಿ ಮಾಮ ರಸ್ತೆಯಂಚಿನಲ್ಲಿ ಕೂತರು. ಮುಖದಲ್ಲಿ ಬೆರಗೋ ಬೆರಗು.

"ಕೇಳಿದ್ರೆ ಕೊಡ್ತಾರೆ ಸೆಂದಿಲು!" ಎಂದರು. ನನ್ನ ಕಡೆ ತಿರುಗಿದರು. "ಮದ್ವೆ ಮುಗಿದ್ ಮೇಲೆ ಮಾಸಿ ತಿಂಗಳಲ್ಲಿ ಇನ್ನೊಂದ್ ಪಾವು ಇದೆ ಕಣೋ, ನಮ್ ಬೀದಿಲೇ ಹಾಸ್ಬೇಕು. ಬೆಳಿಗ್ಗೆ ಎರಡ್ ಗಂಟೆ ಹೊತ್ತು ನಿನ್ ಕಾರ್ ತೆಗೀತೀಯಾ?"

ಅವರು ಒಂಬತ್ತು ವರ್ಷ ಕೇಳದೆ ಇದ್ದದ್ದು ಸಂಕೋಚಕ್ಕೆ. ಅದನ್ನು ಕಂಡೂ ನಾನು ತೆಗೆಯದೆ ಇದ್ದದ್ದು ಏತಕ್ಕೆ? ನಾಚಿಕೆಯಾಯಿತು.

"ತೆಗೀತೀನಿ ಮಾಮಾ. ಬ್ರಷ್ ಹಿಡಿಯಕ್ಕೂ ನಾನೇ ಬರ್ಲಾ?"

"ಬಾ" ಎಂದರು ಮಾಮ. "ಅದನ್ನೂ ಕೇಳ್ಬೇಕು ಅಂತಿದ್ದೆ."