ಕೇಳಿದವನು ನಾನು, ಹೆಸರು ಹೇಳಿದವನೂ ನಾನೇ

ಗಂಗವ್ವಾ, ಖಾನಾಪುರದ ಹೆಂಚಿನ ಕಾರ್ಖಾನೆಯಿಂದ ನಿನ್ನನ್ನು ಹೊರಗೆ ಹಾಕಿಸಿದವನು ಮಾಲೀಕನಲ್ಲ — ನಾನು. ನಿನ್ನ ಮ್ಯಾನೇಜರ್. ನಿನ್ನ ಬುತ್ತಿಯ ರೊಟ್ಟಿ ತಿಂದವನು.

ಎಪ್ಪತ್ತರ ದಶಕ ಅದು. ಬೆಳಗಾವಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದ ನನಗೆ ಹುರುಪೋ ಹುರುಪು. ಕೆಲಸಗಾರರನ್ನು ಮನುಷ್ಯರಂತೆ ಕಾಣಬೇಕು, ಅವರ ಮಾತು ಕೇಳಬೇಕು ಎಂದು ಮಾಲೀಕರಿಗೇ ಉಪದೇಶ ಮಾಡಿದ್ದೆ. ಶನಿವಾರ ಮಧ್ಯಾಹ್ನ ನಿಮ್ಮ ಸಾಲಿನಲ್ಲೇ ನೆಲಕ್ಕೆ ಕೂತು ಉಣ್ಣುತ್ತಿದ್ದೆ. "ಅಂಜಬ್ಯಾಡ್ರಿ, ಮನಸ್ಸಿನ್ಯಾಗ ಇದ್ದದ್ದು ಹೇಳ್ರಿ" ಎನ್ನುತ್ತಿದ್ದೆ. ಬಹಳ ದಿನ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ನೀನು ಬಿಟ್ಟೆ.

"ಹಸೀ ಹೆಂಚು ಒಣಗಿಸೋ ಅಟ್ಟದ ಬುಡಕ ಕೂಸು ಮಲಗಿಸ್ತೇವ್ರಿ ಸಾಹೇಬ್ರ. ನಿನ್ನಿ ಅಟ್ಟ ಕುಸಿದು ನನ್ನ ಕೂಸು ಸ್ವಲ್ಪದಾಗ ಉಳಿತು. ಬಾಜೂಕ ಒಂದು ಚಪ್ಪರ ಹಾಕಿಸಿ ಕೊಡ್ರಿ. ಇಲ್ಲಂದ್ರ ಸೋಮವಾರದಿಂದ ನಾವು ಹೆಣ್ಮಕ್ಕಳು ಹೆಂಚು ಹೊರಂಗಿಲ್ರಿ."

ಒಂದು ಚಪ್ಪರ! ನಾಲ್ಕು ಬಿದಿರು, ಒಂದಿಷ್ಟು ಹುಲ್ಲು — ಅಷ್ಟೇ ನೀನು ಕೇಳಿದ್ದು.

ಬೆಳಗಾವಿಯ ರವಿವಾರ ಪೇಟೆಯ ತಮ್ಮ ಅಂಗಡಿಯಲ್ಲಿ ಕೂತಿದ್ದ ಮಾಲೀಕರು ಇದನ್ನು ಕೇಳಿ ಸಿಡಿದರು. "ನೀವ ಅವ್ರನ್ನ ತಲೀ ಮ್ಯಾಲೆ ಕುಂಡ್ರಿಸೀರಿ. ಯಾರ ಬಾಯಿ ಅದು? ಹೆಸರು ಹೇಳ್ರಿ."

ಎಲ್ಲರದ್ದೂ ಎನ್ನಬಹುದಿತ್ತು. ನನ್ನದೇ ಎನ್ನಬಹುದಿತ್ತು. ನನ್ನ ನೌಕರಿ, ನನ್ನ ಜಾಣತನದ ಹೆಸರು — ಥೂ, ಕಾರಣ ಬೇಡ. ನಿನ್ನ ಹೆಸರು ಹೇಳಿದೆ.

ಸೋಮವಾರ ಗೇಟಿನಲ್ಲಿ ತಡೆದಾಗ ನೀನು ಕೂಸನ್ನು ಕಂಕುಳಿಗೆ ಹಾಕಿಕೊಂಡು ನನ್ನ ಹತ್ತಿರವೇ ಬಂದೆ. "ನೀವ ಕೇಳಿದ್ರಿ ಅಂತ ಹೇಳೀನ್ರಿ" ಎಂದೆ. ಎಲ್ಲರೂ ನೋಡುತ್ತಿದ್ದರು. ನಾನು ಗದರಿದೆ: "ನಾ ಯಾವಾಗ ಕೇಳೀನಿ?"

ನೀನು ಬುತ್ತಿಗಂಟು ಎತ್ತಿಕೊಂಡು ಹೋದೆ. ಚಪ್ಪರವನ್ನೂ ನಾನು ಹಾಕಿಸಲಿಲ್ಲ.

ಆಮೇಲೂ ನಾನು ಶನಿವಾರ ನಿಮ್ಮವರ ಜೊತೆ ಕೂತೆ — ನಾಚಿಕೆಗೇಡಿ! "ಏನೂ ಇಲ್ರಿ, ಎಲ್ಲಾ ಛಲೋ ಐತಿ" ಎನ್ನುತ್ತಿದ್ದರು ಕನ್ನಡದವರು. "ಕಾಹೀ ನಾಹೀ, ಸಾಹೇಬ" ಎನ್ನುತ್ತಿದ್ದರು ಮರಾಠಿಯವರು. ವರ್ಷಗಟ್ಟಲೆ ಒಂದೂ ದೂರಿಲ್ಲ. ಆ ಬಾಯಿ ಮುಚ್ಚಿದ್ದನ್ನೇ ಮಾಲೀಕರು ನೆಮ್ಮದಿ ಎಂದು ತಿಳಿದರು, ನನಗೆ ಬಡ್ತಿ ಕೊಟ್ಟರು. ನಾನು ತೆಗೆದುಕೊಂಡೆ.

ಈಗ ಎಂಬತ್ತರ ದಶಕ ಮುಗಿಯುತ್ತ ಬಂದಿದೆ. ಕೆಲಸಗಾರರ ಮನಸ್ಸು ಗೆಲ್ಲುವುದು ಹೇಗೆಂದು ಹೊಸ ಮ್ಯಾನೇಜರರಿಗೆ ಹೇಳಿಕೊಡಲು ನನ್ನನ್ನು ಬೆಳಗಾವಿಯ ಟಿಳಕವಾಡಿಗೆ ಕರೆಯುತ್ತಾರೆ. ನೆಲಕ್ಕೆ ಕೂತು ಉಂಡ ಕಥೆ ಹೇಳುತ್ತೇನೆ. ಚಪ್ಪಾಳೆಯೋ ಚಪ್ಪಾಳೆ! ಕೇಳಿದರೆ ಮೈಯೆಲ್ಲ ಉರಿಯುತ್ತದೆ — ತಟ್ಟುವವರ ಮೇಲಲ್ಲ, ಅಲ್ಲಿ ಕೈಮುಗಿದು ನಿಲ್ಲುವ ಈ ಕಳ್ಳನ ಮೇಲೆ.

ನೀನು ಎಲ್ಲಿದ್ದೀಯೋ, ಆ ಕೂಸು ಏನಾಯಿತೋ — ಹುಡುಕಲೂ ಇಲ್ಲ ನಾನು. ಕ್ಷಮಿಸು ಎನ್ನುವ ಯೋಗ್ಯತೆ ನನಗಿಲ್ಲ.

ಬರುವ ತಿಂಗಳು ಮತ್ತೆ ಕರೆದಿದ್ದಾರೆ. ಈ ಸಲ ಕಥೆ ಪೂರ್ತಿ ಹೇಳುತ್ತೇನೆ. ಅಂದು ಮಾಲೀಕರ ಮುಂದೆ ಹೇಳಿದಷ್ಟೇ ಸ್ಪಷ್ಟವಾಗಿ ನಿನ್ನ ಹೆಸರು ಹೇಳುತ್ತೇನೆ, ಅದರ ಬೆನ್ನಿಗೇ ನನ್ನದನ್ನೂ. ಚಪ್ಪಾಳೆ ಬರುವುದಿಲ್ಲ. ಬರಬಾರದು.